ಮೊದಲು ಯಾರ ಸರದಿ?



ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲಿ ಹೊಳೆಬಾಗಿಲು ಎಂಬ ಜಾಗವಿದೆ. ದಾರಿ ಅಲ್ಲಿ ನೇರವಾಗಿ ನೀರಿಗೇ ಇಳಿಯುತ್ತಿತ್ತು. ಎದುರಿಗೆ ಶರಾವತಿಯ ಹಿನ್ನೀರು. ಆಚೆ ದಡದಲ್ಲಿ ಕಳಸವಳ್ಳಿ, ತುಮರಿ, ಅದರಾಚೆ ಕರೂರು ಸೀಮೆಯ ಹಳ್ಳಿಗಳು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ಉದ್ಘಾಟನೆಯಾಗುವವರೆಗೆ ಈ ದಡದಿಂದ ಆ ದಡಕ್ಕೆ ಲಾಂಚೇ ಗತಿ. ಲಾಂಚಿನ ಮೇಲೆ ಹಿಡಿಸುವ ವಾಹನಗಳು ಕೆಲವೇ ಕೆಲವು. ರಜೆಯ ದಿನಗಳಲ್ಲಿ ದಡದಲ್ಲಿ ಸಾಲುಗಟ್ಟುವ ವಾಹನಗಳಿಗೆ ಲೆಕ್ಕವಿರಲಿಲ್ಲ. ಹಾಗಾಗಿ ಅಲ್ಲಿ ದಿನವೂ ಒಂದು ಪ್ರಶ್ನೆ ಏಳುತ್ತಿತ್ತು: ಮೊದಲು ಯಾರ ಸರದಿ?

ಆಂಬುಲೆನ್ಸು ಬಂದರೆ ಎಲ್ಲರೂ ದಾರಿ ಬಿಡುತ್ತಿದ್ದರು. ಅಲ್ಲಿಯವರೆಗೆ ಸರಿ. ಆದರೆ ಊರಿನ ಬಸ್ಸು ಮೊದಲೋ, ಬೆಳಗಿನ ಜಾವವೇ ಬಂದು ನಿಂತ ಬೆಂಗಳೂರಿನ ಕಾರು ಮೊದಲೋ? ಬಸ್ಸಿನಲ್ಲಿ ಐವತ್ತು ಜನರಿದ್ದಾರೆ, ಕಾರಿನಲ್ಲಿ ಇಬ್ಬರು. ಆದರೆ ಮೊದಲು ಬಂದದ್ದು ಕಾರು. ನೀವು ಲಾಂಚಿನವರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ಈ ಸಲದ ನಮ್ಮ ಮಾತುಕತೆಯ ವಿಷಯ ಗಣಕ ಜಾಲಗಳ ಸಂಚಾರ ನಿಯಮ. ಒಂದು ಗಣಕದಿಂದ ಇನ್ನೊಂದಕ್ಕೆ ಹೋಗುವ ಮಾಹಿತಿಯೆಲ್ಲ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಹೋಗುತ್ತದೆಂದು ನೀವು ಓದಿರಬಹುದು. ಈ ಪ್ಯಾಕೆಟ್ಟುಗಳಿಗೆ ದಾರಿ ತೋರಿಸುವ ಯಂತ್ರಕ್ಕೆ ರೂಟರು ಎನ್ನುತ್ತಾರೆ. ಅನೇಕ ಕಡೆಗಳಿಂದ ಬರುವ ಪ್ಯಾಕೆಟ್ಟುಗಳು ಒಂದೇ ಕಿರಿದಾದ ದಾರಿಯಲ್ಲಿ ಹೊರಡಬೇಕಾದಾಗ ರೂಟರಿನ ಬಾಗಿಲಲ್ಲಿ ಹೊಳೆಬಾಗಿಲಿನ ಸಾಲೇ ನಿಲ್ಲುತ್ತದೆ. ಅಲ್ಲಿ ಯಾರನ್ನು ಮೊದಲು ಬಿಡಬೇಕು, ಯಾರನ್ನು ಕಾಯಿಸಬೇಕು, ಜಾಗ ಸಾಲದಿದ್ದರೆ ಯಾರನ್ನು ಕೈಬಿಡಬೇಕು ಎಂಬುದನ್ನು ಯಾರೋ ಒಬ್ಬರು ಕಪ್ಪು ತೆರೆಯ ಮುಂದೆ ಕುಳಿತು ಒಂದೆರಡು ಸಾಲಿನ ಆಜ್ಞೆ ಒತ್ತಿ ತೀರ್ಮಾನಿಸಿರುತ್ತಾರೆ. ಆ ಸಾಲುಗಳ ಚರಿತ್ರೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಚರಿತ್ರೆ ಗಣಕದಿಂದ ಆರಂಭವಾಗುವುದಿಲ್ಲ. ನಾನು ಚಿಕ್ಕವನಿದ್ದಾಗ, 1980ರ ದಶಕದ ಕೊನೆಯಲ್ಲಿ, ತೀರ್ಥಹಳ್ಳಿಯಲ್ಲಿ ಅಜ್ಜ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ನೆನಪಿದೆ. ಟ್ರಂಕ್ ಕಾಲಿನಲ್ಲಿ ಮೂರು ದರ್ಜೆಗಳಿದ್ದವು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟಿಗೆ ಎರಡು ಪಟ್ಟು ದರ, ಲೈಟ್ನಿಂಗಿಗೆ, ಅಂದರೆ ಮಿಂಚಿನ ಕರೆಗೆ, ಎಂಟು ಪಟ್ಟು. ಊರಿನಿಂದ ಹೊರಗೆ ಹೋಗುವ ತಂತಿಗಳು ಕೆಲವೇ. ಯಾರ ಕರೆಯನ್ನು ಯಾವಾಗ ಜೋಡಿಸಬೇಕೆಂಬುದು ಆಪರೇಟರ್ ಕೈಯಲ್ಲಿ. ಅಜ್ಜನದು ಯಾವಾಗಲೂ ಆರ್ಡಿನರಿ. ಮಧ್ಯಾಹ್ನ ಬುಕ್ ಮಾಡಿದ ಕರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ತಂತಿ ಸಮಾಚಾರದಲ್ಲೂ ಹೀಗೆಯೇ, ಆರ್ಡಿನರಿ ಮತ್ತು ಎಕ್ಸ್‌ಪ್ರೆಸ್ ಎಂದು ಎರಡು ಬಗೆ. ಆ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು. ನಿಮ್ಮಲ್ಲಿ ಬಹುಮಂದಿ ತಂತಿಯ ಕಾಗದವನ್ನು ನೋಡಿಯೇ ಇರಲಾರಿರಿ.

ಆ ಸಾಲಿಗೆ ಗಣಿತವನ್ನು ತಂದವನು ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿ ಕೆಲಸಕ್ಕಿದ್ದ ಆತ 1909ರಲ್ಲಿ ಒಂದು ಪ್ರಬಂಧ, 1917ರಲ್ಲಿ ಇನ್ನೊಂದು ಪ್ರಬಂಧ ಬರೆದ. ಇಷ್ಟು ಕರೆಗಳು ಬರುವ ಊರಿಗೆ ಎಷ್ಟು ತಂತಿ ಎಳೆದರೆ ಎಷ್ಟು ಮಂದಿಗೆ 'ಲೈನ್ ಇಲ್ಲ' ಎನ್ನಬೇಕಾಗುತ್ತದೆ ಎಂಬುದನ್ನು ಸೂತ್ರದಿಂದ ಕಂಡುಹಿಡಿಯಬಹುದೆಂದು ತೋರಿಸಿದ. ದೂರವಾಣಿ ದಟ್ಟಣೆಯನ್ನು ಇಂದಿಗೂ ಅಳೆಯುವುದು 'ಎರ್ಲಾಂಗ್' ಎಂಬ ಮಾನದಿಂದಲೇ. ಗಮನಿಸಬೇಕಾದ್ದು ಇದು: ಎಲ್ಲರಿಗೂ ಸದಾ ಸಾಕಾಗುವಷ್ಟು ತಂತಿಯನ್ನು ಯಾರೂ ಎಳೆಯುವುದಿಲ್ಲ, ಅದು ದುಬಾರಿ. ಕೆಲವರು ಕೆಲವು ಹೊತ್ತು ಕಾಯುತ್ತಾರೆ ಎಂಬುದು ಲೆಕ್ಕದ ಮೊದಲ ಸಾಲಿನಲ್ಲೇ ಸೇರಿರುತ್ತದೆ.

ಈಗ 1986ಕ್ಕೆ ಬನ್ನಿ. ಆ ವರ್ಷ ಜುಲೈಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, ಸಿ-ಡಾಟ್ ಸಂಸ್ಥೆ ರೂಪಿಸಿದ 128 ಪೋರ್ಟುಗಳ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸ ಆರಂಭಿಸಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ನಮ್ಮ ಧೂಳು, ನಮ್ಮ ಸೆಕೆಯಲ್ಲಿ ನಡೆಯುವಂತೆ ಮಾಡಿದ ಯಂತ್ರ ಅದು. ಆಪರೇಟರ್ ಕೈಯಲ್ಲಿದ್ದ ತೀರ್ಮಾನ ಎಲೆಕ್ಟ್ರಾನಿಕ್ ಸ್ಮೃತಿಯೊಳಗೆ ಹೋಗತೊಡಗಿದ್ದು ನಮ್ಮ ಹಳ್ಳಿಗಳ ಮಟ್ಟಿಗೆ ಅಲ್ಲಿಂದ.

ಅದೇ 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಅಲ್ಲಿನ ವಿಶ್ವವಿದ್ಯಾಲಯಕ್ಕೂ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ನಡುವೆ ಸುಮಾರು 400 ಗಜದ ಅಂತರ. ಎರಡರ ನಡುವಿನ ಗಣಕ ಜಾಲದ ವೇಗ ಸೆಕೆಂಡಿಗೆ 32,000 ಬಿಟ್ಟುಗಳಿಂದ ಇದ್ದಕ್ಕಿದ್ದಂತೆ 40 ಬಿಟ್ಟುಗಳಿಗೆ ಕುಸಿಯಿತು. ಸಾವಿರವಲ್ಲ, ನೂರಲ್ಲ, ನಲವತ್ತು! ಚೀಟಿ ಬರೆದು ಕೈಯಲ್ಲಿ ಕೊಟ್ಟುಬರುವುದೇ ವಾಸಿ. ಕಾರಣವೇನೆಂದರೆ, ಪ್ಯಾಕೆಟ್ಟು ತಲುಪಲಿಲ್ಲವೆಂದು ಪ್ರತಿ ಗಣಕವೂ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಕಳಿಸಿದಷ್ಟೂ ದಾರಿ ಕಟ್ಟಿಕೊಳ್ಳುತ್ತಿತ್ತು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದಕ್ಕೆ ಕಂಡುಕೊಂಡ ಪರಿಹಾರವನ್ನು 1988ರಲ್ಲಿ ಪ್ರಕಟಿಸಿದರು. ಪ್ಯಾಕೆಟ್ಟು ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು, ಕಳಿಸುವವನೇ ವೇಗ ತಗ್ಗಿಸಬೇಕು. ನಿಮ್ಮ ಮೊಬೈಲು ಇಂದೂ ಈ ಶಿಸ್ತನ್ನು ಯಾವುದೋ ರೂಪದಲ್ಲಿ ಪಾಲಿಸುತ್ತಿದೆ.

ಆದರೆ ಸ್ವಂತ ಸಂಯಮವೊಂದನ್ನೇ ನಂಬಿ ಜಾಲ ನಡೆಸಲಾಗುವುದಿಲ್ಲ. 1981ರಲ್ಲಿ ಇಂಟರ್‌ನೆಟ್ಟಿನ ಮೂಲ ನಿಯಮಾವಳಿಯನ್ನು ಬರೆದಾಗಲೇ ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೆ ಅದರ ದರ್ಜೆ ಗುರುತಿಸಲು ಮೂರು ಬಿಟ್ಟುಗಳ ಜಾಗ ಬಿಟ್ಟಿದ್ದರು. ಮೂರು ಬಿಟ್ಟು ಎಂದರೆ ಎಂಟು ದರ್ಜೆ. ಅತಿ ಕೆಳಗಿನದು 'ರೂಟೀನ್', ಅದರ ಮೇಲೆ 'ಪ್ರಯಾರಿಟಿ', 'ಇಮಿಡಿಯೆಟ್', ಆಮೇಲೆ 'ಫ್ಲ್ಯಾಶ್'. ಹೆಸರುಗಳು ಸೈನ್ಯದ ಸಂದೇಶ ಪದ್ಧತಿಯವು. ಈ ಜಾಲಕ್ಕೆ ಹಣ ಕೊಟ್ಟದ್ದೇ ಅಮೆರಿಕದ ರಕ್ಷಣಾ ಇಲಾಖೆ. ನಮ್ಮ ಲೈಟ್ನಿಂಗ್ ಕಾಲಿಗೂ ಅವರ ಫ್ಲ್ಯಾಶಿಗೂ ಅರ್ಥದಲ್ಲಿ ಹೆಚ್ಚಿನ ದೂರವಿಲ್ಲ. ವ್ಯತ್ಯಾಸವೆಂದರೆ, ಅಜ್ಜ ಎಂಟು ಪಟ್ಟು ದುಡ್ಡು ಕೊಟ್ಟಿದ್ದರೆ ಮುಂದೆ ಹೋಗಬಹುದಿತ್ತು ಎಂಬುದು ಅಂಚೆ ಕಚೇರಿಯ ಗೋಡೆಯ ಮೇಲಿನ ದರಪಟ್ಟಿಯಲ್ಲೇ ಇತ್ತು. ಪ್ಯಾಕೆಟ್ಟಿನ ತಲೆಬರಹ ಬಳಸುವವನ ಕಣ್ಣಿಗೆ ಬೀಳುವುದಿಲ್ಲ.

ಈ ಮರೆಯಲ್ಲಿರುವ ಗುಣ ಬಲುಬೇಗ ಉಪಯೋಗಕ್ಕೆ ಬಂತು. 1987ರ ಸುಮಾರಿಗೆ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಜೋಡಿಸಿದ್ದ ಎನ್‌ಎಸ್‌ಎಫ್‌ನೆಟ್ ಎಂಬ ಜಾಲದ ಬೆನ್ನೆಲುಬಿನ ವೇಗ ಸೆಕೆಂಡಿಗೆ ಕೇವಲ 56,000 ಬಿಟ್ಟು. ದೊಡ್ಡ ಕಡತಗಳು ಹೊರಟರೆ, ದೂರದ ಗಣಕದಲ್ಲಿ ಅಕ್ಷರ ಒತ್ತುತ್ತಿದ್ದವರು ಕಾಯುತ್ತ ಕೂರಬೇಕು. ಜಾಲ ನೋಡಿಕೊಳ್ಳುತ್ತಿದ್ದವರು ಅಕ್ಷರ ಒತ್ತುವವರ ಪ್ಯಾಕೆಟ್ಟುಗಳನ್ನು ಮುಂದೆ ಬಿಡುವಂತೆ ರೂಟರುಗಳಿಗೆ ಹೇಳಿಕೊಟ್ಟರು. ಬಳಕೆದಾರರಿಗೆ ಮಾತ್ರ ಹೇಳಲಿಲ್ಲ! ಹೇಳಿದರೆ ಎಲ್ಲರೂ ತಮ್ಮ ಕಡತಗಳಿಗೂ ಅದೇ ವೇಷ ಹಾಕಿ ಕಳಿಸುತ್ತಾರೆಂಬ ಭಯ. 1988ರಲ್ಲಿ ದಾರಿ ಅಗಲವಾದ ಮೇಲೆ ಆ ಉಪಾಯ ಬೇಕಾಗಲಿಲ್ಲ. ತಾಂತ್ರಿಕವಾಗಿ ಅವರು ಮಾಡಿದ್ದು ಸರಿ ಎಂದೇ ನನಗನ್ನಿಸುತ್ತದೆ. ಮುಚ್ಚಿಟ್ಟದ್ದು ಸರಿಯೇ? ಅದನ್ನು ನಿಮಗೇ ಬಿಡುತ್ತೇನೆ.

ಮತ್ತೆ ಶರಾವತಿಗೆ ಬರೋಣ. ಮಲೆನಾಡಿನ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮನೆ ಸುರಿಯುತ್ತದೆ. ವಿದ್ಯುತ್ತು ಬೇಕಾದದ್ದು ವರ್ಷವಿಡೀ. ಹಾಗಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮಳೆಯ ನೀರನ್ನು 1819 ಅಡಿಯ ಮಟ್ಟದವರೆಗೆ ಹಿಡಿದಿಟ್ಟು, ತಳಕಳಲೆಯ ಸಮತೋಲನ ಜಲಾಶಯದ ಮೂಲಕ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ ಹದವಾಗಿ ಬಿಡುತ್ತದೆ. ಒಳಗೆ ಬರುವುದು ಹುಚ್ಚುಹೊಳೆ, ಹೊರಗೆ ಹೋಗುವುದು ಅಳತೆಯ ನೀರು. ತೀರ ಹೆಚ್ಚಾದರೆ ಹನ್ನೊಂದು ಗೇಟುಗಳನ್ನು ತೆರೆದು ಜೋಗದ ಕಡೆಗೆ ಹರಿಯಬಿಡುತ್ತಾರೆ. ಆ ನೀರು ಆ ವಿದ್ಯುದಾಗಾರಕ್ಕೆ ದಕ್ಕುವುದಿಲ್ಲ.

ಜಾಲದ ತಜ್ಞರು ಮಾಡಿದ್ದೂ ಇದನ್ನೇ. 1986ರಲ್ಲೇ (ಅದೆಂಥ ವರ್ಷವೋ!) ಜೊನಾಥನ್ ಟರ್ನರ್ ವಿವರಿಸಿದ ವಿಧಾನ 'ಸೋರುವ ಬಕೆಟ್ಟು' ಎಂದು ಹೆಸರಾಯಿತು. ಪ್ಯಾಕೆಟ್ಟುಗಳು ಎಷ್ಟೇ ನುಗ್ಗಿ ಬರಲಿ, ತಳದ ತೂತಿನಿಂದ ಗೊತ್ತಾದ ವೇಗದಲ್ಲೇ ಹೊರಬೀಳಬೇಕು. ಬಕೆಟ್ಟು ತುಂಬಿದರೆ ಚೆಲ್ಲಿಹೋಗಬೇಕು. ಇದರ ಇನ್ನೊಂದು ರೂಪ ಟೋಕನ್ ಬಕೆಟ್ಟು. ಅದರಲ್ಲಿ ತುಂಬುವುದು ಪ್ಯಾಕೆಟ್ಟುಗಳಲ್ಲ, ಅವು ಹೊರಡಲು ಬೇಕಾದ ಟೋಕನ್ನುಗಳು. ಗೊತ್ತಾದ ವೇಗದಲ್ಲಿ ಟೋಕನ್ನುಗಳು ಬಂದು ಬೀಳುತ್ತವೆ. ಯಾರೂ ಬಳಸದಿದ್ದರೆ ಬಕೆಟ್ಟು ತುಂಬುವವರೆಗೆ ಕೂಡಿಕೊಳ್ಳುತ್ತವೆ. ಹೊಸನಗರದ ಕಡೆಯ ಮನೆಗಳಲ್ಲಿ ಗುಡ್ಡದ ನೀರು ಸಣ್ಣಗೆ ಇಡೀ ರಾತ್ರಿ ತೊಟ್ಟಿಗೆ ಬೀಳುತ್ತಿರುತ್ತದಲ್ಲವೆ? ಬೆಳಿಗ್ಗೆ ನಾಲ್ಕು ಕೊಡ ಗಬಗಬನೆ ಮೊಗೆಯಬಹುದು. ಐದನೆಯ ಕೊಡಕ್ಕೆ ಮಾತ್ರ ಕಾಯಬೇಕು.

ಕಮಾಂಡ್ ಲೈನಿನಲ್ಲಿ, ಅಂದರೆ ಚಿತ್ರಗಳಿಲ್ಲದ ಆ ಕಪ್ಪು ತೆರೆಯಲ್ಲಿ, ಇದನ್ನು ಹೇಗೆ ಹೇಳುತ್ತಾರೆ ನೋಡಿ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ರಷ್ಯಾದ ಅಲೆಕ್ಸಿ ಕುಜ್ನೆತ್ಸೋವ್ ಬರೆದ 'ಟಿಸಿ' ಎಂಬ ಆಜ್ಞೆಯಿದೆ. 1999ರ ಲಿನಕ್ಸ್ 2.2ರಿಂದ ಅದು ಎಲ್ಲರ ಕೈಗೂ ಸಿಕ್ಕಿತು. ಗಣಕದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಒತ್ತಬೇಕು. ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡುತ್ತೇನೆ:

ಟಿಸಿ ಕ್ಯೂಡಿಸ್ಕ್ ಆ್ಯಡ್ ಡೆವ್ ಈಥ್0 ರೂಟ್ ಟಿಬಿಎಫ್ ರೇಟ್ 1ಎಂಬಿಟ್ ಬರ್ಸ್ಟ್ 32ಕೆಬಿಟ್ ಲೇಟೆನ್ಸಿ 400ಎಂಎಸ್

ಮಂತ್ರದಂತೆ ಕಂಡರೂ ಅರ್ಥ ಸರಳ. 'ಟಿಸಿ' ಎಂದರೆ ಸಂಚಾರ ನಿಯಂತ್ರಣ. 'ಕ್ಯೂಡಿಸ್ಕ್' ಎಂದರೆ ಸರತಿಯ ಶಿಸ್ತು. 'ಆ್ಯಡ್', ಅದನ್ನು ಸೇರಿಸು. ಎಲ್ಲಿಗೆ? 'ಈಥ್0' ಎಂಬ ಬಾಗಿಲಿಗೆ, ಅದರ ಬುಡಕ್ಕೇ. ಯಾವ ಬಗೆಯ ಶಿಸ್ತು? ಟಿಬಿಎಫ್, ನಮ್ಮ ಟೋಕನ್ ಬಕೆಟ್ಟು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳ ವೇಗ. ಕೂಡಿಟ್ಟು ಒಮ್ಮೆಗೇ ಬಳಸಬಹುದಾದದ್ದು 32 ಸಾವಿರ ಬಿಟ್ಟು. 400 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯಬೇಕಾದ ಪ್ಯಾಕೆಟ್ಟನ್ನು ಕೈಬಿಡು. ಒಂದು ವಿಷಯ ನೆನಪಿರಲಿ: ಈ ಶಿಸ್ತು ಹೊರಹೋಗುವ ಪ್ಯಾಕೆಟ್ಟುಗಳಿಗೆ ಮಾತ್ರ. ಒಳಗೆ ಬರುವವನನ್ನು ತಡೆಯುವ ಹೊತ್ತಿಗೆ ಅವನು ಆಗಲೇ ನಿಮ್ಮ ಕಿರಿದಾದ ದಾರಿಯನ್ನು ಬಳಸಿ ಬಂದಿರುತ್ತಾನೆ.

ಇಲ್ಲಿ ನನ್ನದೊಂದು ಪೆದ್ದುತನವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಊರಿನಿಂದ ನಾವು ಚಿತ್ರೀಕರಿಸಿದ ದೃಶ್ಯಗಳನ್ನು ಬೆಂಗಳೂರಿಗೆ ಕಳಿಸಬೇಕಿತ್ತು. ನಮ್ಮ ದೃಶ್ಯಗಳು ಹೊರಟರೆ ಅಲ್ಲಿದ್ದವರಿಗೆ ಇ-ಮೇಲೂ ತೆರೆಯುತ್ತಿರಲಿಲ್ಲ. ಸಂಕೋಚಪಟ್ಟು, ನಾನು ಬೆಂಗಳೂರಿನಲ್ಲೇ ಕುಳಿತು ಅಲ್ಲಿನ ಗಣಕಕ್ಕೆ ಮೇಲಿನ ಸಾಲನ್ನೇ ಒತ್ತಿದೆ. ಆದರೆ '1ಎಂಬಿಟ್' ಎನ್ನುವ ಬದಲು '1ಕೆಬಿಟ್' ಎಂದು ಒತ್ತಿದ್ದೆ. ಸಾವಿರ ಪಟ್ಟು ಕಡಿಮೆ! ಸ್ವಾರಸ್ಯವೆಂದರೆ, ತಪ್ಪು ಕೂಡಲೇ ತಿಳಿಯಲಿಲ್ಲ. ಬಕೆಟ್ಟಿನಲ್ಲಿ ಕೂಡಿದ್ದ 32 ಸಾವಿರದ ಪುಣ್ಯದಿಂದ ಮೊದಲ ಕೆಲವು ಸಾಲುಗಳು ಸರಾಗವಾಗಿ ಬಂದವು. ಆಮೇಲೆ ತೆರೆ ಕಲ್ಲಿನಂತೆ ನಿಂತಿತು. ತಪ್ಪು ತಿದ್ದುವ ಆಜ್ಞೆ ಕಳಿಸೋಣವೆಂದರೆ ಅದರ ಉತ್ತರವೂ ಅದೇ ಬಾಗಿಲಿನಿಂದ ಬರಬೇಕು! ಕೊನೆಗೆ ಅಲ್ಲಿದ್ದವರೊಬ್ಬರಿಗೆ ಫೋನು ಮಾಡಿ, "ಸ್ವಾಮಿ, ದಯವಿಟ್ಟು ಆ ಗಣಕವನ್ನು ಒಮ್ಮೆ ಆರಿಸಿ ಹಚ್ಚಿ" ಎಂದೆ. ಹೀಗೆ ಒತ್ತಿದ ಆಜ್ಞೆಯನ್ನು ಬೇರೆಡೆ ಬರೆದಿಡದಿದ್ದರೆ ಗಣಕ ಮತ್ತೆ ಎದ್ದಾಗ ಅದು ಅಳಿಸಿಹೋಗಿರುತ್ತದೆ. ಆ ದಿನ ನನ್ನನ್ನು ಉಳಿಸಿದ್ದು ಅದೇ.

ಸಾಲಿನಲ್ಲಿ ಯಾರು ಮುಂದೆ ಎಂಬುದಕ್ಕೆ ಬರೋಣ. 1990ರ ದಶಕದಲ್ಲಿ ಸಿಸ್ಕೊ ಕಂಪನಿಯ ರೂಟರುಗಳಲ್ಲಿ 'ಪ್ರಯಾರಿಟಿ-ಲಿಸ್ಟ್' ಎಂಬ ಆಜ್ಞೆ ಬಳಕೆಯಲ್ಲಿತ್ತು. ನಾಲ್ಕು ಸಾಲುಗಳು: ಹೈ, ಮೀಡಿಯಂ, ನಾರ್ಮಲ್, ಲೋ. ಮೇಲಿನ ಸಾಲು ಪೂರ್ತಿ ಖಾಲಿಯಾಗುವವರೆಗೆ ಕೆಳಗಿನದಕ್ಕೆ ಅವಕಾಶವಿಲ್ಲ. ಮೇಲಿನ ಸಾಲು ಖಾಲಿಯಾಗದೇ ಇದ್ದರೆ? ಕೆಳಗಿನವನು ದಡದಲ್ಲೇ ಉಳಿದ.

ಇದಕ್ಕೆ ಬೇರೊಂದು ದಾರಿ ಹುಡುಕಿದವರಲ್ಲಿ ದೆಹಲಿಯ ಐಐಟಿಯಲ್ಲಿ ಓದಿದ ಎಸ್. ಕೇಶವ್ ಒಬ್ಬರು. ಅವರೂ ಅಲನ್ ಡೆಮರ್ಸ್, ಸ್ಕಾಟ್ ಶೆಂಕರ್ ಅವರೂ ಸೇರಿ 1989ರಲ್ಲಿ 'ನ್ಯಾಯಯುತ ಸರತಿ'ಯ ವಿಧಾನವನ್ನು ವಿವರಿಸಿದರು. ಇದಕ್ಕೂ ಮೊದಲು ಜಾನ್ ನೇಗಲ್ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಒಬ್ಬೊಬ್ಬರ ಸಂಭಾಷಣೆಗೂ ಒಂದೊಂದು ಸಾಲು ಮಾಡು. ಪ್ರತಿ ಸುತ್ತಿನಲ್ಲೂ ಎಲ್ಲ ಸಾಲಿಗೂ ಸಮಪಾಲು ಬರುವಂತೆ ಬಿಡು. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರು ಮಾಡುವುದು ಇದನ್ನೇ. ಮೊದಲ ಎಲೆಯವನ ಹೊಟ್ಟೆ ತುಂಬುವವರೆಗೆ ಅವನಿಗೇ ಸುರಿಯುವುದಿಲ್ಲ, ಸುತ್ತು ಬರುತ್ತಾರೆ. ಎರಡೇ ತುತ್ತು ಬೇಕಾದ ಮಗು ಬೇಗ ಎದ್ದು ಹೋಗುತ್ತದೆ. ಜಾಲದಲ್ಲಿ ಆ ಮಗು ಎಂದರೆ ದೂರವಾಣಿಯ ಮಾತು, ಪಾಠದ ಧ್ವನಿ. ಅದಕ್ಕೆ ಬೇಕಾದದ್ದು ಸ್ವಲ್ಪವೇ, ಆದರೆ ಹೊತ್ತಿಗೆ ಸರಿಯಾಗಿ ಬೇಕು.

ಇಷ್ಟಾದರೂ ಒಂದು ರೋಗ ಉಳಿದಿತ್ತು. ಸ್ಮೃತಿಯ ಚಿಪ್ಪುಗಳು ಅಗ್ಗವಾದಂತೆ ತಯಾರಕರು ರೂಟರಿನಲ್ಲಿ ದೊಡ್ಡ ದೊಡ್ಡ ಬಕೆಟ್ಟುಗಳನ್ನಿಟ್ಟರು. ಅಣೆಕಟ್ಟು ದೊಡ್ಡದಾದರೆ ಲಾಭ; ಪ್ಯಾಕೆಟ್ಟಿನ ಸಾಲು ದೊಡ್ಡದಾದರೆ ನಷ್ಟ, ಏಕೆಂದರೆ ಅದರಲ್ಲಿ ಸಿಕ್ಕಿಬಿದ್ದ ಮಾತು ಹಳಸಿದ ಮೇಲೆ ಹೊರಬರುತ್ತದೆ. ಇದನ್ನು ಜಿಮ್ ಗೆಟ್ಟಿಸ್ 2010ರ ಹೊತ್ತಿಗೆ ಎತ್ತಿತೋರಿಸಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ 'ಕೋಡೆಲ್' ಎಂಬ ವಿಧಾನ ಕೊಟ್ಟರು. ಸಾಲು ಎಷ್ಟು ಉದ್ದವಿದೆ ಎಂದು ನೋಡಬೇಡ, ಒಬ್ಬೊಬ್ಬ ಎಷ್ಟು ಹೊತ್ತು ನಿಂತ ಎಂದು ನೋಡು ಎಂಬುದು ಅದರ ತಿರುಳು. ನ್ಯಾಯಯುತ ಸರತಿಯನ್ನೂ ಇದನ್ನೂ ಕೂಡಿಸಿದ 'ಎಫ್‌ಕ್ಯೂ-ಕೋಡೆಲ್' ಈಗ ಅನೇಕ ಲಿನಕ್ಸ್ ಗಣಕಗಳಲ್ಲಿ ತಾನಾಗಿಯೇ ಇರುತ್ತದೆ.

ಅಗಲವಾದ ದಾರಿಯವರಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕಿರಿದಾದ ದಾರಿಯವರಿಗೆ. 2020ರಲ್ಲಿ ಕೊರೊನಾ ಕಾರಣ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ವಿದ್ಯಾರ್ಥಿಗಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಮಳೆಗಾಲದಲ್ಲಿ ಕೊಡೆ ಹಿಡಿದು, ಕಾಲಿಗೆ ಹತ್ತುವ ಇಂಬಳ ಕೀಳುತ್ತ ಪಾಠ ಕೇಳಿದವರು ಇದನ್ನು ಓದುತ್ತಿರುವವರಲ್ಲೂ ಇರಬಹುದು. 2021ರಲ್ಲಿ ಈ ಭಾಗದ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂಬ ಅಭಿಯಾನವೇ ನಡೆಯಿತು. ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಟವರೇ ಇಲ್ಲದ ಊರಿಗೆ ಯಾವ ಆಜ್ಞೆಯೂ ಸಿಗ್ನಲ್ ತಂದುಕೊಡುವುದಿಲ್ಲ. ಸರತಿಯ ಶಿಸ್ತು ಸೇತುವೆಗೆ ಬದಲಿಯಲ್ಲ. ಆದರೆ ದೂರದಲ್ಲೊಂದು ಟವರಿದ್ದು, ಅದರ ಸಣ್ಣ ಕೊಂಡಿಗೆ ಹತ್ತೂರು ಜೋತುಬಿದ್ದಾಗ, ಒಬ್ಬನ ಸಿನಿಮಾ ಇನ್ನೊಬ್ಬಳ ರಸಾಯನಶಾಸ್ತ್ರದ ಪಾಠವನ್ನು ನುಂಗುತ್ತದೆಯೋ ಇಲ್ಲವೋ ಎಂಬುದು ಎಲ್ಲೋ ಬರೆದ ಒಂದೆರಡು ಸಾಲುಗಳ ಮೇಲೂ ನಿಂತಿರುತ್ತದೆ.

ಲಿಂಗನಮಕ್ಕಿಯ ಲೆಕ್ಕದಲ್ಲೂ ಹೀಗೊಂದು ಬದಿಯಿದೆ. ನೀರನ್ನು ಹದವಾಗಿ ಬಿಟ್ಟದ್ದರಿಂದ ನಾಡಿಗೆಲ್ಲ ಬೆಳಕು ಬಂತು. ಅದೇ ನೀರು ಹಿಂದಕ್ಕೆ ನಿಂತದ್ದರಿಂದ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ತುಮರಿಯ ಕಡೆಯವರು ಸುಮಾರು ಅರವತ್ತು ವರ್ಷ ಲಾಂಚಿಗೆ ಕಾದರು. ರಾತ್ರಿ ಹೊತ್ತು ಲಾಂಚಿಲ್ಲದ ದಡದಲ್ಲಿ ಹೆರಿಗೆ ನೋವಿನವರನ್ನು ಇಟ್ಟುಕೊಂಡು ನಿಂತವರ ಕಾಯುವಿಕೆ ಯಾವ ಯೋಜನಾ ವರದಿಯಲ್ಲಿ ಅಂಕಿಯಾಗಿ ಬಂದೀತು?

ದುಡ್ಡು ಕೊಟ್ಟವರ ಪ್ಯಾಕೆಟ್ಟು ಮುಂದೆ ಎಂಬ ಲೈಟ್ನಿಂಗ್ ಕಾಲಿನ ನಿಯಮ ಇಂಟರ್‌ನೆಟ್ಟಿಗೂ ಬರಬೇಕೇ ಎಂಬ ಚರ್ಚೆ ನಮ್ಮ ದೇಶದಲ್ಲಿ ಜೋರಾಗಿಯೇ ನಡೆಯಿತು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸಬಾರದೆಂದು ನಿಯಮ ಮಾಡಿತು. 2018ರ ಜುಲೈಯಲ್ಲಿ ಸರ್ಕಾರ ಜಾಲದ ಸಮಾನತೆಯ ತತ್ತ್ವವನ್ನು ಒಪ್ಪಿತು: ಒಬ್ಬರ ಪ್ಯಾಕೆಟ್ಟನ್ನು ಬೇಕೆಂದೇ ತಡೆಯುವುದು, ನಿಧಾನಿಸುವುದು, ಇನ್ನೊಬ್ಬರದನ್ನು ಮುಂದೆ ಬಿಡುವುದು ಕೂಡದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಂಕ್ತಿಭೇದ ಕೂಡದು. ಆದರೆ ದಟ್ಟಣೆ ನಿಭಾಯಿಸಲು ಬೇಕಾದ ಸಮಂಜಸ ಕ್ರಮಗಳಿಗೆ, ತುರ್ತು ಸೇವೆಗಳಿಗೆ ವಿನಾಯಿತಿ ಉಂಟು. ಸಮಂಜಸ ಯಾವುದು, ಭೇದ ಯಾವುದು ಎಂಬ ಜಗಳ ಮಾತ್ರ ಪ್ರತಿ ಸಾಲಿನ ಆಜ್ಞೆಯಲ್ಲೂ ಹೊಸದಾಗಿ ಹುಟ್ಟುತ್ತದೆ.

ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲಿನಕ್ಸ್ ಗಣಕವಿದ್ದರೆ ಅಧ್ಯಾಪಕರ ಅನುಮತಿ ಪಡೆದು ಕಪ್ಪು ತೆರೆಯಲ್ಲಿ 'ಟಿಸಿ -ಎಸ್ ಕ್ಯೂಡಿಸ್ಕ್ ಶೋ' ಎಂದು ಒತ್ತಿ ನೋಡಿ. ಇದು ಏನನ್ನೂ ಬದಲಿಸುವುದಿಲ್ಲ, ಬರೀ ತೋರಿಸುತ್ತದೆ. ಯಾವ ಶಿಸ್ತು ಜಾರಿಯಲ್ಲಿದೆ ಎಂಬುದು ಮೊದಲು ಬರುತ್ತದೆ. ಅದರ ಕೆಳಗೆ ಎಷ್ಟು ಪ್ಯಾಕೆಟ್ಟು ಹೋದವು ಎಂಬ ಲೆಕ್ಕ, ಪಕ್ಕದಲ್ಲೇ 'ಡ್ರಾಪ್ಡ್' ಎಂಬ ಪದದ ಮುಂದೆ ಒಂದು ಅಂಕಿ. ಆ ಬಾಗಿಲಲ್ಲಿ ಕೈಬಿಟ್ಟ ಪ್ಯಾಕೆಟ್ಟುಗಳು ಅವು. ಬೆಳಿಗ್ಗೆ ಒಮ್ಮೆ, ಎಲ್ಲರೂ ಗಣಕದ ಮುಂದಿರುವ ಮಧ್ಯಾಹ್ನದ ಹೊತ್ತಿಗೆ ಇನ್ನೊಮ್ಮೆ ಬರೆದಿಟ್ಟುಕೊಂಡು ಹೋಲಿಸಿ.